ನಮ್ಮ ಹೆಸರು ಬರೆದ ಪುಸ್ತಕ ಎಲ್ಲಿದೆ?

ರಾಯದುರ್ಗದ ಕಡೆಯ ಒಂದು ಹಳ್ಳಿ. ಗಂಡ ತೀರಿಕೊಂಡು ಐದು ತಿಂಗಳಾದರೂ ಆ ತಾಯಿಯ ಕೈಗೆ ಮರಣ ಪ್ರಮಾಣಪತ್ರ ಬಂದಿರಲಿಲ್ಲ. ವಿಧವಾ ಪಿಂಚಣಿಗೆ ಅರ್ಜಿ ಹಾಕಲು ಅದು ಬೇಕು. ಗಂಡನ ಹೆಸರಿನಲ್ಲಿದ್ದ ಎರಡು ಎಕರೆ ಹೊಲದ ಖಾತೆ ಬದಲಾಯಿಸಲು ಅದು ಬೇಕು. ಬ್ಯಾಂಕಿನಲ್ಲಿದ್ದ ಅಲ್ಪಸ್ವಲ್ಪ ಹಣ ತೆಗೆಯಲೂ ಅದೇ ಬೇಕು. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ಕಚೇರಿಯಿಂದ ಕಚೇರಿಗೆ ಅಲೆದದ್ದೇ ಬಂತು. ಎಲ್ಲ ಕಡೆಯೂ ಒಂದೇ ಉತ್ತರ: "ನಮ್ಮ ಪುಸ್ತಕದಲ್ಲಿ ಆ ಹೆಸರಿಲ್ಲಮ್ಮಾ."

ಒಂದು ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಆಕೆ ತಮ್ಮ ಕಷ್ಟ ಹೇಳಿಕೊಂಡು ಕಣ್ಣೀರು ಹಾಕಿದರು. ಅಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಯಜಮಾನರು ಕೊನೆಯುಸಿರೆಳೆದದ್ದು ಎಲ್ಲಿ?"

"ಬಳ್ಳಾರಿ ಆಸ್ಪತ್ರೆಯಾಗೆ ಸಾರ್. ಮಣ್ಣು ಮಾಡಿದ್ದು ನಮ್ಮೂರಾಗೆ."

"ಹಾಗಾದರೆ ಅವರ ಹೆಸರು ನಿಮ್ಮೂರ ಪುಸ್ತಕದಲ್ಲಿ ಹೇಗೆ ಸಿಕ್ಕೀತು? ಅದು ಬಳ್ಳಾರಿಯಲ್ಲಿದೆ."

ಐದು ತಿಂಗಳ ಅಲೆದಾಟಕ್ಕೆ ಉತ್ತರ ಆ ಒಂದು ಮಾತಿನಲ್ಲಿತ್ತು. ನಮ್ಮ ಗಡಿನಾಡಿನ ಎಷ್ಟೋ ಕುಟುಂಬಗಳು ಇಂಥ ತೊಂದರೆ ಅನುಭವಿಸುತ್ತಿವೆ. ದಾಖಲೆ ಇಲ್ಲವೆಂದಲ್ಲ, ಅದು ಎಲ್ಲಿದೆಯೆಂದು ತಿಳಿಯದು. ಆದ್ದರಿಂದ ಈ ಬಗ್ಗೆ ಕುಟುಂಬಗಳೆಲ್ಲ ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ನೋಡೋಣ.

ಘಟನೆ ನಡೆದ ಸ್ಥಳವೇ ಮುಖ್ಯ

ಜನನ ಮರಣ ನೋಂದಣಿಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು 1969ರಲ್ಲಿ ಬಂತು. ಅದಕ್ಕೂ ಹಿಂದೆ ನಮ್ಮ ಭಾಗಕ್ಕೆ ಮದ್ರಾಸ್ ಪ್ರಾಂತ್ಯದ 1899ರ ಕಾನೂನಿತ್ತು. ಈಗಿನ ಕಾನೂನಿನ ಪ್ರಕಾರ ಮಗು ಎಲ್ಲಿ ಹುಟ್ಟಿತೋ, ವ್ಯಕ್ತಿ ಎಲ್ಲಿ ತೀರಿಕೊಂಡರೋ ಆ ಸ್ಥಳದ ನೋಂದಣಾಧಿಕಾರಿಯ ಪುಸ್ತಕದಲ್ಲಿ ಅದು ದಾಖಲಾಗಬೇಕು. ನಮ್ಮ ಮನೆ ಎಲ್ಲಿದೆ, ಸಮಾಧಿ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ.

ರಾಯದುರ್ಗದವರು ದೊಡ್ಡ ಆಸ್ಪತ್ರೆಗೆಂದು ಬಳ್ಳಾರಿಗೆ ಹೋಗುತ್ತಾರೆ. ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ ಕಡೆಯವರು ಶಿರಾಕ್ಕೋ ತುಮಕೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ತವರುಮನೆಯ ಬಾಣಂತನವೂ ಎಷ್ಟೋ ಸಲ ಗಡಿಯಾಚೆಯೇ ಆಗುತ್ತದೆ. ಅಂಥ ಜನನ ಮರಣಗಳ ಪ್ರಮಾಣಪತ್ರ ಕರ್ನಾಟಕದಲ್ಲೇ ಸಿಗಬೇಕು. ಆಸ್ಪತ್ರೆಯಲ್ಲಿ ನಡೆದ ಜನನ ಮರಣವನ್ನು ನೋಂದಣಾಧಿಕಾರಿಗೆ ತಿಳಿಸುವುದು ಆಸ್ಪತ್ರೆಯವರ ಹೊಣೆ. ಮನೆಯಲ್ಲಿ ಆದದ್ದಾದರೆ ಮನೆಯ ಯಜಮಾನರು 21 ದಿನಗಳೊಳಗೆ ತಿಳಿಸಬೇಕು. ಆಂಧ್ರದ ಹಳ್ಳಿಗಳಲ್ಲಿ ಪಂಚಾಯಿತಿ ಕಾರ್ಯದರ್ಶಿಯನ್ನೂ ಪಟ್ಟಣದಲ್ಲಿ ಪುರಸಭೆ ಅಥವಾ ನಗರ ಪಂಚಾಯಿತಿಯನ್ನೂ ಕಾಣಬೇಕು.

ತಡವಾದರೆ ದಾರಿ ಮುಚ್ಚಿತೆಂದು ತಿಳಿಯಬೇಡಿ. 30 ದಿನಗಳವರೆಗೆ ತಡಶುಲ್ಕ ಕಟ್ಟಿ ನೋಂದಾಯಿಸಬಹುದು. ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ಕಳೆದಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯಿಂದ ಬಂದ ಕ್ರಮವಿದು. ಮಗುವಿನ ಹೆಸರಿಲ್ಲದೆ ಜನನ ನೋಂದಣಿಯಾಗಿದ್ದರೆ ಹೆಸರನ್ನು ಆಮೇಲೂ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಮುಂತಾದವುಗಳಿಗೆ ಜನನ ಪ್ರಮಾಣಪತ್ರವೇ ವಯಸ್ಸಿನ ಆಧಾರ. ಚಿಕ್ಕ ಮಕ್ಕಳ ತಂದೆತಾಯಂದಿರು ಇದನ್ನು ಅಸಡ್ಡೆ ಮಾಡಬಾರದು.

ಊರು ಕದಲಲಿಲ್ಲ, ಜಿಲ್ಲೆ ಕದಲಿತು

ನಮ್ಮ ಊರುಗಳದು ಇನ್ನೊಂದು ತೊಡಕು. ನಾವು ಇದ್ದಲ್ಲೇ ಇದ್ದೇವೆ, ಕಚೇರಿಗಳು ಮಾತ್ರ ಬದಲಾಗುತ್ತ ಬಂದಿವೆ.

ಅನಂತಪುರ ಜಿಲ್ಲೆಯನ್ನು ಬಳ್ಳಾರಿ ಜಿಲ್ಲೆಯಿಂದ ಬೇರ್ಪಡಿಸಿದ್ದು 1882ರಲ್ಲಿ. ಮಡಕಶಿರಾ ಅಂದಿನಿಂದ ಅನಂತಪುರಕ್ಕೆ ಸೇರಿತು. ರಾಯದುರ್ಗ ಮಾತ್ರ ಬಳ್ಳಾರಿ ಜಿಲ್ಲೆಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆ ಹಂಚಿಹೋಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ರಾಯದುರ್ಗ ಅನಂತಪುರ ಜಿಲ್ಲೆಯಾಯಿತು. 1984ರಲ್ಲಿ ಕರಣಂ, ಮುನ್ಸೀಫರ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. 1985ರಲ್ಲಿ ತಾಲೂಕುಗಳ ಬದಲು ಮಂಡಲಗಳು ಬಂದವು. 2022ರ ಏಪ್ರಿಲ್ 4ರಂದು ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅದರ ಜಿಲ್ಲಾ ಕೇಂದ್ರ ಪುಟ್ಟಪರ್ತಿ. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಇದೆ.

ಇದು ಬರೀ ಚರಿತ್ರೆಯ ಪಾಠವಲ್ಲ. ಅಜ್ಜನ ಕಾಲದ ಕಡತ ಹುಡುಕುವವರಿಗೆ ಇದೇ ದಾರಿಯ ಗುರುತು. ಮೊದಲು ದಾಖಲೆಯ ವರ್ಷ ಗೊತ್ತುಮಾಡಿಕೊಳ್ಳಿ. ಆ ವರ್ಷ ನಮ್ಮೂರು ಯಾವ ಜಿಲ್ಲೆಯಲ್ಲಿತ್ತೆಂದು ನೋಡಿ. 1953ಕ್ಕೆ ಹಿಂದಿನ ರಾಯದುರ್ಗದ ಜಿಲ್ಲಾ ಮಟ್ಟದ ಕಾಗದವಾದರೆ ಬಳ್ಳಾರಿಯಲ್ಲೂ ವಿಚಾರಿಸಬೇಕು. 2022ಕ್ಕೆ ಹಿಂದಿನ ಮಡಕಶಿರಾದ ಕಡತವಾದರೆ ಅನಂತಪುರದಲ್ಲೂ ವಿಚಾರಿಸಬೇಕು. ಮದ್ರಾಸ್ ಸರ್ಕಾರದ ಕಾಲದ ಹಳೆಯ ಕಡತಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ಸಂಶೋಧಕರು ಅಲ್ಲಿಗೆ ಹೋಗುತ್ತಾರೆ. ನಮ್ಮ ಸಾಮಾನ್ಯ ಕೆಲಸಗಳಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳುವುದು ಅಪರೂಪ.

ಹೊಲ ಮನೆಯ ಕಾಗದಪತ್ರ

ಜಮೀನಿಗೆ ಎರಡು ಬಗೆಯ ದಾಖಲೆಗಳಿವೆ, ಎರಡೂ ಬೇರೆ ಬೇರೆ ಇಲಾಖೆಯವು. ಕರ್ನಾಟಕದಲ್ಲಿ ಪಹಣಿ ಎನ್ನುವುದಕ್ಕೆ ಆಂಧ್ರದಲ್ಲಿ ಅಡಂಗಲ್ ಎನ್ನುತ್ತಾರೆ. ಯಾರ ಖಾತೆಯಲ್ಲಿ ಯಾವ ಸರ್ವೆ ನಂಬರಿನ ಎಷ್ಟು ಭೂಮಿ ಇದೆಯೆಂದು ತೋರಿಸುವುದು ಒನ್ ಬಿ. ಇವು ಕಂದಾಯ ಇಲಾಖೆಯವು. ತಹಶೀಲ್ದಾರ್ ಕಚೇರಿ ಇವುಗಳ ಮೂಲ. 2011ರಲ್ಲಿ ಶುರುವಾದ ಮೀಸೇವ ಕೇಂದ್ರಗಳಲ್ಲೂ 2015ರಲ್ಲಿ ಬಂದ ಮೀ ಭೂಮಿ ಜಾಲತಾಣದಲ್ಲೂ ಇವುಗಳ ಪ್ರತಿ ನೋಡಬಹುದು. ಹಳೆಯ ಅಳತೆ, ವರ್ಗೀಕರಣ ಬೇಕಾದವರು ಸೆಟಲ್‌ಮೆಂಟ್ ರಿಜಿಸ್ಟರ್ ಕೇಳಬೇಕು. ಎರಡು ಭಾಷೆಯಲ್ಲಿ ಬರೆದದ್ದಾದ್ದರಿಂದ ಹಳಬರು ಅದನ್ನು ಡೈಗ್ಲಾಟ್ ಎನ್ನುತ್ತಾರೆ.

ಕ್ರಯ, ದಾನ, ಭಾಗ, ಅಡಮಾನ ಪತ್ರಗಳಿರುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಭೂಮಿ ಕೊಳ್ಳುವ ಮುನ್ನ ಅಲ್ಲಿಂದ ಋಣಭಾರ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಇ.ಸಿ., ತೆಗೆಸದೆ ಮುಂಗಡ ಕೊಡಬೇಡಿ. ಮನೆಯಲ್ಲಿದ್ದ ಕ್ರಯಪತ್ರ ಗೆದ್ದಲು ತಿಂದಿದ್ದರೂ ಗಾಬರಿ ಬೇಡ. ನೋಂದಣಿಯಾದ ಪತ್ರದ ದೃಢೀಕೃತ ನಕಲು ಸಿಗುತ್ತದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪರಿಶೀಲಿಸಬಹುದು. ಉಯಿಲುಗಳಿಗೆ ಮಾತ್ರ ಬೇರೆ ನಿಯಮವಿದೆ. ಬರೆದವರು ಬದುಕಿರುವವರೆಗೆ ಅದರ ನಕಲು ಬೇರೆಯವರಿಗೆ ಸಿಗದು.

ಉತ್ತರ ಸಿಗದಿದ್ದಾಗ

ಮಾಮೂಲಿ ಅರ್ಜಿಗೆ ಉತ್ತರ ಬರದಿದ್ದರೆ, ಕಡತ ಎಲ್ಲಿದೆಯೆಂದೇ ಯಾರೂ ಹೇಳದಿದ್ದರೆ, 2005ರ ಮಾಹಿತಿ ಹಕ್ಕು ಕಾನೂನು ನಮ್ಮ ಬೆನ್ನಿಗಿದೆ. ಆಂಧ್ರದಲ್ಲಿ ಇದನ್ನು ಸಮಾಚಾರ ಹಕ್ಕು ಚಟ್ಟಂ ಎನ್ನುತ್ತಾರೆ. ಆಂಧ್ರದ ನಿಯಮದಂತೆ ಹಳ್ಳಿ ಮಟ್ಟದ ಕಚೇರಿಗೆ ಅರ್ಜಿ ಶುಲ್ಕವಿಲ್ಲ. ಮಂಡಲ ಮಟ್ಟದಲ್ಲಿ 5 ರೂಪಾಯಿ, ಅದಕ್ಕೆ ಮೇಲ್ಪಟ್ಟು 10 ರೂಪಾಯಿ. ನಕಲಿಗೆ ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಶುಲ್ಕವೇ ಇಲ್ಲ. ಏಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು.

ಭಾಷೆಯ ವಿಷಯ ನಮಗೆ ಮುಖ್ಯ. ಈ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿರಬೇಕು. ಹೀಗಾಗಿ ಆಂಧ್ರದ ಕಚೇರಿಗೆ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ, ಬಳ್ಳಾರಿಯ ಕಚೇರಿಗೆ ಕನ್ನಡದಲ್ಲೋ ಬರೆಯುವುದು ಕ್ಷೇಮ. ಕನ್ನಡ ಶಾಲೆಯಲ್ಲಿ ಓದಿದ ನಮ್ಮವರು ತೆಲುಗು ಮಾತಾಡಿಯಾರು, ಬರೆಯಲು ತಡವರಿಸುತ್ತಾರೆ. ಬರೆಯಲಾರದವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕೆಂದು ಆ ಕಾನೂನಿನ 6ನೇ ವಿಧಿ ಹೇಳುತ್ತದೆ. ಇನ್ನು ಕುಂದುಕೊರತೆಯ ಮನವಿಯನ್ನಾದರೋ ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಸಂವಿಧಾನದ 350ನೇ ವಿಧಿ ಅವಕಾಶ ಕೊಟ್ಟಿದೆ.

ಅರ್ಜಿಯಲ್ಲಿ ಜಗಳ ಬೇಡ. "ಏಕೆ ಮಾಡಲಿಲ್ಲ?" ಎಂದು ಕೇಳುವುದಕ್ಕಿಂತ "ಇಂಥ ತಾರೀಖಿನ, ಇಂಥ ಸರ್ವೆ ನಂಬರಿನ ದಾಖಲೆಯ ನಕಲು ಕೊಡಿ" ಎಂದು ಕೇಳಿ. ವರ್ಷ ಖಚಿತವಿಲ್ಲದಿದ್ದರೆ "1968ರಿಂದ 1972ರವರೆಗೆ" ಎಂಬಂತೆ ಬರೆಯಿರಿ. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು ಸರಿಯಾದ ಕಡೆಗೆ 5 ದಿನಗಳೊಳಗೆ ಕಳುಹಿಸುವುದು ಅವರ ಕರ್ತವ್ಯ. ಕಡತವನ್ನು ಕಣ್ಣಾರೆ ನೋಡಲೂ ಕೇಳಬಹುದು, ಮೊದಲ ಒಂದು ಗಂಟೆಗೆ ಶುಲ್ಕವಿಲ್ಲ. ಆದರೆ ನೆರೆಹೊರೆಯವರ ಖಾಸಗಿ ವಿಷಯ ಕೆದಕಲು ಈ ಕಾನೂನು ಬಳಸಬೇಡಿ. ಅದು ಸಿಗುವುದೂ ಇಲ್ಲ, ನಮಗೆ ಒಪ್ಪುವುದೂ ಇಲ್ಲ.

ದೇವಾಲಯದ ಪುಸ್ತಕ

ಕಥೋಲಿಕರಾದ ನಮಗೆ ಇನ್ನೊಂದು ಆಸರೆಯಿದೆ. ಪ್ರತಿಯೊಂದು ಧರ್ಮಕೇಂದ್ರವೂ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕ ಇಡಬೇಕೆಂಬುದು ಧರ್ಮಸಭೆಯ ಕಟ್ಟಳೆ. ಜ್ಞಾನಸ್ನಾನದ ಪುಸ್ತಕದಲ್ಲೇ ಮುಂದೆ ದೃಢೀಕರಣ, ವಿವಾಹಗಳನ್ನೂ ಗುರುತು ಹಾಕುತ್ತಾರೆ. ಕಥೋಲಿಕ ವಿವಾಹಗಳ ವಿವರವನ್ನು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಕಳುಹಿಸಬೇಕೆಂದು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಲ್ಲೇ ಇದೆ.

ಇಲ್ಲಿಯೂ ಅದೇ ನಿಯಮ. ಜ್ಞಾನಸ್ನಾನ ಎಲ್ಲಾಯಿತೋ ಅಲ್ಲೇ ಪುಸ್ತಕ. ರಾಯದುರ್ಗ, ಮಡಕಶಿರಾ ಕರ್ನೂಲು ಧರ್ಮಕ್ಷೇತ್ರಕ್ಕೆ ಸೇರಿವೆ. ತಾಯಿಯ ತವರು ಬಳ್ಳಾರಿಯ ಕಡೆ ಇದ್ದು ಜ್ಞಾನಸ್ನಾನ ಅಲ್ಲೇ ಆಗಿದ್ದರೆ ಅಲ್ಲಿಯ ಗುರುಗಳಿಗೇ ಬರೆಯಬೇಕು. ಬರೆಯುವಾಗ ತಂದೆತಾಯಿಯ ಹೆಸರು, ಸುಮಾರು ವರ್ಷ, ಜ್ಞಾನದ ತಂದೆತಾಯಿಯ ಹೆಸರು ತಿಳಿಸಿದರೆ ಹುಡುಕಲು ಸುಲಭ. ಭಾನುವಾರ ಪೂಜೆಗೆ ಮುನ್ನ ಗುರುಗಳನ್ನು ಅವಸರಪಡಿಸಬೇಡಿ.

ಒಂದು ಮಾತು ಮಾತ್ರ ನೆನಪಿರಲಿ. ಜ್ಞಾನಸ್ನಾನದ ಪತ್ರ ಸರ್ಕಾರದ ಜನನ ಪ್ರಮಾಣಪತ್ರಕ್ಕೆ ಬದಲಿಯಲ್ಲ, ಸಮಾಧಿಯ ದಾಖಲೆ ಮರಣ ಪ್ರಮಾಣಪತ್ರಕ್ಕೆ ಬದಲಿಯಲ್ಲ. ಆದರೆ ತಡವಾದ ನೋಂದಣಿಗೋ ಹೆಸರಿನ ತಿದ್ದುಪಡಿಗೋ ಪೂರಕ ಪುರಾವೆಯಾಗಿ ಅವು ಬಹಳ ಸಲ ಕೈಹಿಡಿಯುತ್ತವೆ.

ಆ ತಾಯಿಯ ವಿಷಯದಲ್ಲೂ ಹಾಗೇ ಆಯಿತು. ಆಸ್ಪತ್ರೆಯ ಚೀಟಿ ಹಿಡಿದು ಮಗ ಬಳ್ಳಾರಿಗೆ ಹೋದ. ಪ್ರಮಾಣಪತ್ರವೇನೋ ಸಿಕ್ಕಿತು, ಹೆಸರು ಬೇರೆಯಾಗಿತ್ತು. ನಮ್ಮಲ್ಲಿ ಇದು ಸಾಮಾನ್ಯ. ಮನೆಯಲ್ಲಿ ಚಿನ್ನಪ್ಪ, ದೇವಾಲಯದಲ್ಲಿ ಅಂತೋಣಿ. ಆಂಧ್ರದ ಕಾಗದದಲ್ಲಿ ಮನೆತನದ ಹೆಸರು ಮುಂದೆ, ಕರ್ನಾಟಕದ ಕಾಗದದಲ್ಲಿ ತಂದೆಯ ಹೆಸರಿನ ಮೊದಲಕ್ಷರ. ಆಸ್ಪತ್ರೆಗೆ ಸೇರಿಸಿದವರು ಕರೆಯುವ ಹೆಸರು ಹೇಳಿದ್ದರು, ಹೊಲದ ಪಾಸ್ ಪುಸ್ತಕದಲ್ಲಿ ಜ್ಞಾನಸ್ನಾನದ ಹೆಸರಿತ್ತು. ಪುಸ್ತಕದಲ್ಲಿನ ತಪ್ಪನ್ನು ಪುರಾವೆ ನೋಡಿ ತಿದ್ದಲು ಜನನ ಮರಣ ಕಾನೂನಿನಲ್ಲೇ ಅವಕಾಶವಿದೆ. ನಮ್ಮ ವಿವಾಹ ಪುಸ್ತಕದಲ್ಲಿ ಹಿಂದಿನ ಗುರುಗಳೊಬ್ಬರು ಎರಡೂ ಹೆಸರನ್ನು ಜೊತೆಗೇ ಬರೆದಿಟ್ಟಿದ್ದರು. ಆ ಒಂದು ಸಾಲಿನ ನಕಲು, ಆಧಾರ್ ಪ್ರತಿ, ಪ್ರಮಾಣಪತ್ರ ಬರೆದ ಸ್ಟಾಂಪ್ ಕಾಗದ ಇಷ್ಟನ್ನೂ ಕೊಟ್ಟ ಮೇಲೆ ಹೆಸರು ಸರಿಯಾಯಿತು. ಪಿಂಚಣಿಯ ಅರ್ಜಿ ಹಾಕಿ ಬಂದ ದಿನ ಆಕೆ ದೇವಾಲಯದಲ್ಲಿ ಒಂದು ಮೇಣದಬತ್ತಿ ಹಚ್ಚಿಟ್ಟು ಹೋದರು.

ಆತ್ಮೀಯ ಓದುಗರೇ, ಇಂದೇ ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಮನೆಯ ಪ್ರತಿಯೊಬ್ಬರ ಪೂರ್ಣ ಹೆಸರು, ಕರೆಯುವ ಹೆಸರು, ಹುಟ್ಟಿದ ದಿನ ಮತ್ತು ಸ್ಥಳ, ಜ್ಞಾನಸ್ನಾನವಾದ ದೇವಾಲಯ, ಶಾಲೆಗೆ ಸೇರಿದ ವರ್ಷ, ಹೊಲದ ಸರ್ವೆ ನಂಬರು ಬರೆದಿಡಿ. ಅರ್ಜಿ ಕೊಟ್ಟಾಗಲೆಲ್ಲ ಸ್ವೀಕೃತಿ ಪಡೆದು ಅದರಲ್ಲೇ ಅಂಟಿಸಿ. ಅಜ್ಜ ಅಜ್ಜಿಯರು ಇರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆದುಕೊಳ್ಳಿ. ಬರವಣಿಗೆ ಬಲ್ಲ ಯುವಕ ಯುವತಿಯರು ಭಾನುವಾರ ಪೂಜೆಯ ನಂತರ ಅರ್ಧ ಗಂಟೆ ಕೂತು ಬಾರದವರಿಗೆ ಅರ್ಜಿ ಬರೆದುಕೊಟ್ಟರೆ, ಒಬ್ಬ ವಿಧವೆಯ ಐದು ತಿಂಗಳ ಅಲೆದಾಟ ತಪ್ಪೀತು.