ಐವರಿಂದಾದ ಸಂಖ್ಯೆ

ಸುಳ್ಯ ಸೀಮೆಯ ಐವರ್ನಾಡಿನ ಹೆಸರನ್ನು ಉಚ್ಚರಿಸಿದೊಡನೆಯೇ ‘ಐವರು’ ಎಂಬ ಎಣಿಕೆಯು ಕಿವಿಗೆ ಬೀಳುವುದು. ನಾಲ್ವರಿಂದ ಆಗದುದು ಐದನೆಯವನು ಬಂದು ಸೇರಿದರೆ ಆಗುವುದುಂಟು. ಮನೆವಾರ್ತೆಯಲ್ಲಿ ನಾವೆಲ್ಲರೂ ಕಂಡಿರುವ ಈ ಮಾತು ಅಂಕೆಗಳ ಲೋಕದಲ್ಲಿಯೂ ನಿಜವೆಂಬುದಕ್ಕೆ ಕನ್ನಡನಾಡಿನ ಗಣಿತದಲ್ಲಿಯೇ ಒಂದು ಸಾಕ್ಷಿಯಿದೆ: ೧೨೩೪೫೬೫೪೩೨೧.

ಕ್ರಿ. ಶ. ೮೫೦ರ ಸುಮಾರಿನಲ್ಲಿದ್ದ ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥದ ಮೊದಲಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಕೊಂಡಾಡಿರುವನು. ಒಂದರಿಂದ ಆರರ ವರೆಗೆ ಏರಿ, ಬಳಿಕ ಕ್ರಮವಾಗಿ ಇಳಿಯುವ ರಾಶಿಯೆಂದು ಈ ಸಂಖ್ಯೆಯ ವರ್ಣನೆಯು ಆ ಗ್ರಂಥದಲ್ಲಿದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ.

ಇದು ಕಣ್ಣಿಗೆ ಕಾಣುವ ಚೆಲುವಾಯಿತು. ಒಳಗಣ ಗುಣವನ್ನು ತಿಳಿಯಬೇಕಾದರೆ ಸಂಖ್ಯೆಯನ್ನು ಬಿಡಿಸಿ ನೋಡಬೇಕು. ೧೧೧೧೧೧ನ್ನು ಅದರಿಂದಲೇ ಗುಣಿಸಿದರೆ ಈ ಸಂಖ್ಯೆಯು ದೊರೆಯುವುದು. ಆದುದರಿಂದ ಇದು ವರ್ಗಸಂಖ್ಯೆ. ೧೧೧೧೧೧ ಎಂಬುದಾದರೋ ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಎಂದ ಮೇಲೆ ನಮ್ಮ ದೊಡ್ಡ ಸಂಖ್ಯೆಯಲ್ಲಿ ಈ ಐವರೂ ಎರಡೆರಡು ಸಲ ಸೇರಿಕೊಂಡಿರುವರು. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು ೨೪೩.

ಸಂಖ್ಯೆಗಳನ್ನು ಅವುಗಳ ಭಾಜಕಗಳ ಮೊತ್ತದಿಂದ ಮೂರು ಪಂಗಡಗಳಾಗಿ ವಿಂಗಡಿಸುವ ಪದ್ಧತಿಯನ್ನು ಗ್ರೀಕ್ ಗಣಿತಜ್ಞ ನಿಕೊಮಾಕಸನು ಕ್ರಿ. ಶ. ೧೦೦ರ ಸುಮಾರಿನಲ್ಲಿ ವಿವರಿಸಿದನು. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿಸಬೇಕು. ೮ಕ್ಕೆ ೧, ೨, ೪ ಸೇರಿ ೭ ಮಾತ್ರ, ಅದು ನ್ಯೂನ. ೬ಕ್ಕೆ ೧, ೨, ೩ ಸೇರಿ ಸರಿಯಾಗಿ ೬, ಅದು ಪೂರ್ಣ. ೧೨ಕ್ಕೆ ೧, ೨, ೩, ೪, ೬ ಸೇರಿ ೧೬, ಅದು ಸಮೃದ್ಧ.

ಈಗ ನಮ್ಮ ಐವರನ್ನು ಈ ಒರೆಗಲ್ಲಿಗೆ ಹಚ್ಚೋಣ. ಮೊದಲು ೩೭ನ್ನು ಹೊರಗಿರಿಸಿ ಉಳಿದ ನಾಲ್ವರನ್ನು ಎರಡೆರಡು ಸಲ ಗುಣಿಸಿದರೆ ೯೦೧೮೦೦೯ ಬರುವುದು. ಅದರ ಭಾಜಕಗಳ ಮೊತ್ತ ೯೦೧೭೧೯೦. ತೊಂಬತ್ತು ಲಕ್ಷದ ಲೆಕ್ಕದಲ್ಲಿ ಕೇವಲ ೮೧೯ ಕಡಮೆ! ಬೆಸಸಂಖ್ಯೆಗಳಲ್ಲಿ ಪೂರ್ಣವಾದುದು ಇದುವರೆಗೆ ಒಂದೂ ದೊರೆತಿಲ್ಲ; ಇರಲಾರದೆಂದು ಯಾರೂ ಸಾಧಿಸಿಯೂ ಇಲ್ಲ. ಅಂತಹ ಕೀರ್ತಿಯ ಹೊಸ್ತಿಲಿನ ವರೆಗೆ ಬಂದು ನಾಲ್ವರೂ ನಿಂತುಬಿಟ್ಟರು.

ಐದನೆಯವನಾದ ೩೭ ಬಂದು ಸೇರಲಿ. ಆಗ ಭಾಜಕಗಳ ಮೊತ್ತ ೧೩೦೨೯೮೭೦೬೭೨. ಅದು ಮೂಲಸಂಖ್ಯೆಗಿಂತ ಅರುವತ್ತೆಂಟು ಕೋಟಿಗೂ ಅಧಿಕ. ನ್ಯೂನವಾಗಿದ್ದುದು ಸಮೃದ್ಧವಾಯಿತು.

ಉದ್ದನೆಯ ಸಂಖ್ಯೆಯನ್ನು ಕಂಡು ಹೆದರುವ ಮಕ್ಕಳು ಮನೆಯಲ್ಲಿದ್ದರೆ, ತಾಯಂದಿರು ಈ ಹನ್ನೊಂದು ಅಂಕೆಗಳನ್ನು ಬರೆದುಕೊಟ್ಟು ಮೂರರಿಂದ ಭಾಗಿಸಲು ಹೇಳಲಿ. ಶೇಷವಿಲ್ಲದೆ ಮುಗಿದರೆ ಮತ್ತೊಮ್ಮೆ ಮೂರರಿಂದ, ಬಳಿಕ ಏಳರಿಂದ. ಹತ್ತು ಸಲ ಭಾಗಿಸುವಷ್ಟರಲ್ಲಿ ಸಾವಿರ ಕೋಟಿಯನ್ನು ಮೀರಿದ ರಾಶಿಯು ಕರಗಿ ಒಂದಾಗಿ ನಿಲ್ಲುವುದು. ಮಗುವಿನ ಅಂಜಿಕೆಯೂ ಅದರೊಡನೆ ಕರಗುವುದು.