ಲಾಮಾ ಚೀತಾ ಆಗುವ ಮಹಡಿ

ವಿಜಯಪುರದಲ್ಲಿ ಬಸ್ಸಿಳಿದವರಿಗೆ ದಾರಿ ಹೇಳುವುದು ಮೂಗು. ರೇಷ್ಮೆಗೂಡು ಬೇಯಿಸುವ ವಾಸನೆ ದಟ್ಟವಾದರೆ ನೂಲು ಬಿಚ್ಚಾಣಿಕೆಯ ಬೀದಿ ಬಂತೆಂದು ಅರ್ಥ. ವಡಿಗೇನಹಳ್ಳಿ ಎಂಬುದು ಊರಿನ ಹಳೆಯ ಹೆಸರು. ದೇವನಹಳ್ಳಿ ತಾಲ್ಲೂಕಿನ ಪೂರ್ವದ ಅಂಚು. ವಾಯವ್ಯಕ್ಕೆ ನಂದಿ ಬೆಟ್ಟ, ದಕ್ಷಿಣಕ್ಕೆ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಸಾಲುಗಟ್ಟಿ ಇಳಿಯುವ ವಿಮಾನಗಳು. ನಾನು ಹೋದದ್ದು ಗೂಡಿಗೂ ಅಲ್ಲ, ನೂಲಿಗೂ ಅಲ್ಲ. ಹಳೆಯ ಬಿಚ್ಚಾಣಿಕೆ ಶೆಡ್ಡಿನ ಮೇಲೆ ಕಟ್ಟಿದ ಒಂದು ಮಹಡಿಯಲ್ಲಿ ರೇಡಿಯೊದಿಂದ ಹಾರಿಸುವ ಪುಟ್ಟ ಯಂತ್ರಗಳಿಗೆ ಹೆಲಿಕಾಪ್ಟರಿನ ಬಾಡಿ ಕಟ್ಟುವ ಗೆಳೆಯರೊಬ್ಬರಿದ್ದಾರೆ. ತಮ್ಮ ಹೆಸರು ಬರೆಯಬಾರದೆಂಬುದು ಅವರ ಷರತ್ತು. "ಬರೆದರೆ ನಾಳೆಯಿಂದ ಊರವರೆಲ್ಲ ಮಕ್ಕಳ ಆಟಿಕೆ ರಿಪೇರಿಗೆ ತರ್ತಾರೆ ಸಾರ್" ಎಂದರು.

ಮೆಟ್ಟಿಲು ಹತ್ತಿದೊಡನೆ ಎದುರಿಗೆ ಉದ್ದನೆಯ ಮೇಜು. ಅದರ ಮೇಲೆ ಬಟ್ಟೆಯಿಲ್ಲದ ಹೆಲಿಕಾಪ್ಟರೊಂದು ನಿಂತಿತ್ತು: ತೈವಾನಿನ ಅಲೈನ್ ಕಂಪನಿಯ ಟಿ-ರೆಕ್ಸ್ 450. ಕಪ್ಪು ಕಾರ್ಬನ್ ಚೌಕಟ್ಟು, ಒಂದು ಮೋಟರ್, ಹಲ್ಲುಚಕ್ರ, ಬ್ಲೇಡಿನ ಓರೆಯನ್ನು ಬದಲಿಸುವ ಮೂರು ಸರ್ವೊ, ಬಾಲಕ್ಕೊಂದು ಸರ್ವೊ, ಹಿಂದೆ ಅಲ್ಯೂಮಿನಿಯಂ ಕೊಳವೆ. ಮುಖ್ಯ ಬ್ಲೇಡು ಒಂದೊಂದೂ 325 ಮಿಲಿಮೀಟರ್. ತಿರುಗಿದಾಗ ರೋಟರಿನ ಅಗಲ ಸುಮಾರು 71 ಸೆಂಟಿಮೀಟರ್. ಬ್ಯಾಟರಿ ಸೇರಿ ತೂಕ 800 ಗ್ರಾಂ ಆಸುಪಾಸು. ಈ ಸ್ಥಿತಿಯಲ್ಲಿ ಅದು ಪಲ್ಟಿ ಹೊಡೆಯುತ್ತದೆ, ತಲೆಕೆಳಗಾಗಿ ನಿಲ್ಲುತ್ತದೆ. ನೋಡಲು ಮಾತ್ರ ಹೆಲಿಕಾಪ್ಟರ್ ಅಲ್ಲ, ಮಿಡತೆ.

ಬಾಡಿ ತೊಡಿಸುವುದೆಂದರೆ ಮೇಲೊಂದು ಚಿಪ್ಪು ಮುಚ್ಚುವುದು ಎಂದುಕೊಂಡು ಹೋಗಿದ್ದೆ. ಗೆಳೆಯರು ಗೋಡೆಯ ಹಲಗೆಯಿಂದ ಅಮೆರಿಕದ ಹ್ಯೂಸ್ 500 ಹೆಲಿಕಾಪ್ಟರಿನ ಬಾಡಿಯೊಂದನ್ನು ಇಳಿಸಿ ಕೈಗೆ ಕೊಟ್ಟರು. ಫೈಬರ್ ಗ್ಲಾಸಿನದು, ಮೊಟ್ಟೆಯಾಕಾರ, ಬಾಲ ಬೇರೆ ತುಂಡು. ಒಳಗೆ ಬೆರಳಾಡಿಸಿದರೆ ಅಲ್ಲಲ್ಲಿ ಪ್ಲೈವುಡ್ ಪಟ್ಟಿಗಳು. ಯಂತ್ರ ಕೂರುವುದು ಆ ಪಟ್ಟಿಗಳ ಮೇಲೆ. ಅದರ ಸ್ವಂತ ಸ್ಕಿಡ್ಡು, ಅಂದರೆ ನೆಲಕ್ಕೂರುವ ಕಾಲು, ಕಳಚಿದ ಮೇಲೆ ಬಾಡಿಯ ಸ್ಕಿಡ್ಡೇ ಎಲ್ಲ ಭಾರ ಹೊರುತ್ತದೆ. ಹಾಗಾಗಿ ಪ್ಲೈವುಡ್ ಅಂಟಿಸುವ ಮೊದಲು ಒಳಮೈಯನ್ನು ಎಮರಿ ಕಾಗದದಲ್ಲಿ ಗರಗರ ಎನ್ನುವಂತೆ ಉಜ್ಜಬೇಕು. ನಯವಾದ ಮೈಗೆ ಎಪಾಕ್ಸಿ ಅಂಟಿದಂತೆ ತೋರುತ್ತದೆ, ನಾಲ್ಕು ಗಟ್ಟಿ ಇಳಿತದ ಬಳಿಕ ಸಿಪ್ಪೆಯಂತೆ ಎದ್ದು ಬರುತ್ತದೆ. ಅಂಟಿಸಿದ ಮೇಲೂ ಸಲೀಸಿಲ್ಲ. ರೋಟರಿನ ಕಂಬ ಬಾಡಿಯ ತೂತಿನ ನಡುಮಧ್ಯೆ ಬರಬೇಕು, ಮುಂದಿನಿಂದ ನೋಡಿದರೆ ನೆಟ್ಟಗಿರಬೇಕು, ಬಾಲದ ಕೊಳವೆ ಬಾಡಿಯ ಬಾಲದ ನೇರಕ್ಕೆ ಹೋಗಬೇಕು. ಮೂರೂ ಒಟ್ಟಿಗೆ ಸರಿಹೋಗುವುದು ಅಪರೂಪ. ಎರಡು ಸರಿಮಾಡಿ ಮೂರನೆಯದಕ್ಕೆ ತೆಳು ತಗಡಿನ ಚೂರು ಕೊಡುವುದೇ ವಾಡಿಕೆ.

ಬಾಡಿ ಹಾಕಿದ ಮೇಲೆ ಗಾಳಿ ಎಲ್ಲಿಂದ ಬರಬೇಕು? ಮೋಟರೂ ಅದಕ್ಕೆ ವಿದ್ಯುತ್ತು ಹಂಚುವ ಇಎಸ್‌ಸಿಯೂ ಬಿಸಿಯಾಗುವ ಸಾಮಾನು. ಬರಿಮೈಯಲ್ಲಿದ್ದಾಗ ರೋಟರಿನ ಗಾಳಿಯೇ ತಣಿಸುತ್ತಿತ್ತು. ಹ್ಯೂಸಿನ ಮೊಟ್ಟೆಯೊಳಗೆ ಕೂತರೆ ಉಸಿರು ಕಟ್ಟುತ್ತದೆ. ಅದಕ್ಕೆ ನಿಜವಾದ ಹೆಲಿಕಾಪ್ಟರಿನಲ್ಲಿ ಎಂಜಿನ್ನು ಗಾಳಿ ಎಳೆದುಕೊಳ್ಳುವ ಜಾಗದಲ್ಲೇ ತೂತು ಕೊರೆದು, ಹೊಗೆ ಬಿಡುವ ಜಾಗದಿಂದ ಹೊರಬಿಡುತ್ತಾರೆ. ಬಾಲದ ಸರ್ವೊ ಹಿಂದೆ ಕೊಳವೆಯ ಮೇಲಿದ್ದದ್ದು ಈಗ ಒಳಗೆ ಮುಂದಕ್ಕೆ ಬರುತ್ತದೆ; ಅದರಿಂದ ಬಾಲಕ್ಕೆ ಹೋಗುವ ಕಡ್ಡಿ ಉದ್ದವಾಗುತ್ತದೆ; ಉದ್ದವಾದ ಕಡ್ಡಿ ಬಾಗದಿರಲು ನಡುನಡುವೆ ಬಳೆಗಳು ಬೇಕು. ಒಂದನ್ನು ಜರುಗಿಸಿದರೆ ಮೂರು ಜರುಗುತ್ತವೆ. ಮುಖದ ತುಂಡು ಮಾತ್ರ ಪುಟ್ಟ ಅಯಸ್ಕಾಂತಗಳಲ್ಲಿ ನಿಲ್ಲುತ್ತದೆ, ಬ್ಯಾಟರಿ ಬದಲಿಸಲು ತೆಗೆದು ಹಾಕುವುದಕ್ಕೆ.

ಇದಕ್ಕಿಂತ ದೊಡ್ಡ ಬದಲಾವಣೆ ಕಣ್ಣಿಗೆ ಕಾಣದ್ದು. ಪಲ್ಟಿ ಹೊಡೆಯುವ 450 ಯಂತ್ರದ ರೋಟರು ನಿಮಿಷಕ್ಕೆ 2,600–2,800 ಸುತ್ತು ತಿರುಗುತ್ತದೆ. ಬಾಡಿ ತೊಟ್ಟದ್ದು ಹಾಗೆ ಕಿರುಚಿದರೆ ನಗೆಪಾಟಲು. ಮೋಟರಿನ ಪುಟ್ಟ ಹಲ್ಲುಚಕ್ರವನ್ನು ಇನ್ನೂ ಪುಟ್ಟದಕ್ಕೆ ಬದಲಿಸಿ 2,000ದ ಆಸುಪಾಸಿಗೆ ಇಳಿಸುತ್ತಾರೆ. ಸುತ್ತು ಇಳಿದರೆ ಎತ್ತುವ ಬಲವೂ ಇಳಿಯುತ್ತದೆ. ಅದನ್ನು ಬ್ಲೇಡಿನ ಓರೆ ಹೆಚ್ಚಿಸಿ ತುಂಬಿಕೊಳ್ಳಬೇಕು. ಅಲ್ಲಿಗೆ ಅದು ಬೇರೆಯೇ ಯಂತ್ರ. ಕೈ ಅಲುಗಿಸಿದ ಕ್ಷಣಕ್ಕೆ ನೆಗೆಯುವುದಿಲ್ಲ, ಮುಂದಕ್ಕೆ ಬಾಗಲು ಸಮಯ ತೆಗೆದುಕೊಳ್ಳುತ್ತದೆ, ನಿಲ್ಲಲು ಅದಕ್ಕೂ ಹೆಚ್ಚು. ಹಾರಿಸುವವರೂ ತಮ್ಮ ಕೈಯನ್ನು ಬದಲಿಸಿಕೊಳ್ಳಬೇಕು. ಈ ನಿಧಾನ ಬಾರದಿದ್ದರೆ ಎಷ್ಟು ಚೆಂದದ ಬಾಡಿ ಹಾಕಿದರೂ ವೇಷ ವೇಷವಾಗಿಯೇ ಉಳಿಯುತ್ತದೆ ಎಂಬುದು ಆ ಮಹಡಿಯಲ್ಲಿ ನನಗೆ ಖಾತ್ರಿಯಾಯಿತು.

ಆದರೆ ಗೆಳೆಯರ ಮನಸ್ಸಿರುವುದು ಹ್ಯೂಸಿನಲ್ಲಿ ಅಲ್ಲ, ಕಿಟಕಿಯ ಪಕ್ಕದ ಇನ್ನೊಂದು ಯಂತ್ರದಲ್ಲಿ. ಗಾಜಿನ ಗುಳ್ಳೆಯಂಥ ಮುಖ, ಹಿಂದೆ ಸರಳುಗಳನ್ನು ಹೆಣೆದ ಬೋಳು ಬಾಲ. ಮಾದರಿಯ ಲೋಕದಲ್ಲಿ ಇದರ ಹೆಸರು ಲಾಮಾ. ಒಂದರ ಮೇಲೊಂದು ರೋಟರಿನ ಇ-ಸ್ಕೈ ಲಾಮಾ ಎಂಬ ಪುಟ್ಟ ಹೆಲಿಕಾಪ್ಟರಿನಿಂದಲೇ ಹಾರಾಟ ಕಲಿತವರು ಬಹಳ. ಅವರಲ್ಲಿ ಎಷ್ಟೋ ಜನರಿಗೆ ತಾವು ಹಾರಿಸುತ್ತಿರುವುದು ಬೆಂಗಳೂರಿನಲ್ಲಿ ತಯಾರಾದ ಚೀತಾ ಎಂಬುದು ಗೊತ್ತಿರಲಿಕ್ಕಿಲ್ಲ. ಫ್ರಾನ್ಸಿನ ಎಸ್‌ಎ 315 ಲಾಮಾ ಹುಟ್ಟಿದ್ದೇ ಭಾರತದ ಸೇನೆಗಾಗಿ, ಹಿಮಾಲಯದ ಎತ್ತರಕ್ಕೆ. 1969ರ ಮಾರ್ಚ್ 17ರಂದು ಮೊದಲು ಹಾರಿತು. 1972ರ ಜೂನ್ 21ರಂದು ಝಾನ್ ಬೂಲೆ ಅದನ್ನು 12,442 ಮೀಟರಿಗೆ ಏರಿಸಿ ವಿಶ್ವದಾಖಲೆ ಬರೆದರು. ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ಅದನ್ನೇ ಚೀತಾ ಎಂಬ ಹೆಸರಿನಲ್ಲಿ ಕಟ್ಟಿತು. ಸಿಯಾಚಿನ್‌ಗೆ ಸರಕು ಹೊತ್ತದ್ದು, ಗಾಯಾಳುಗಳನ್ನು ಇಳಿಸಿದ್ದು ಇದೇ. ವಿದೇಶದ ಲಾಮಾ ಬಾಡಿ ತಂದು ಸೇನೆಯ ಹಸಿರು ಬಳಿದರೆ ಅದು ನಮ್ಮದು. ಬೆಂಗಳೂರಿನ ಪಕ್ಕದಲ್ಲಿ ಕೂತು ಅಮೆರಿಕದ ಪೊಲೀಸ್ ಹೆಲಿಕಾಪ್ಟರ್ ಹಾರಿಸುವುದಕ್ಕಿಂತ ಇದು ಎಷ್ಟೋ ಮರ್ಯಾದೆಯ ಕೆಲಸ.

ಲೆಕ್ಕವೂ ಒಪ್ಪುತ್ತದೆ. ಚೀತಾ ರೋಟರಿನ ಅಗಲ 11.02 ಮೀಟರ್. 71 ಸೆಂಟಿಮೀಟರಿನ 450 ಯಂತ್ರಕ್ಕೆ ಅಳೆದರೆ ಹದಿನೈದೂವರೆಯ ಒಂದು ಪಾಲು. ಚೀತಾ ರೋಟರಿಗೆ ಮೂರು ಬ್ಲೇಡು. ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಮಾದರಿ ಹೆಲಿಕಾಪ್ಟರುಗಳಲ್ಲಿ ಹೆಚ್ಚಿನವೂ ಅದೇ ದಿಕ್ಕಿಗೆ ತಿರುಗುವಂಥವು. ಬೆಲ್, ಹ್ಯೂಸ್‌ಗಳು ತಿರುಗುವುದು ಉಲ್ಟಾ. ಹಾಗಾಗಿ ಹ್ಯೂಸ್ ಬಾಡಿ ಹಾಕಿದವರು ದಿಕ್ಕಿನ ವಿಚಾರದಲ್ಲಿ ಕಣ್ಣುಮುಚ್ಚಿಕೊಳ್ಳಬೇಕು, ಚೀತಾದವರಿಗೆ ಆ ಸಂಕೋಚವಿಲ್ಲ. ಬಾಲದ ರೋಟರಿನಲ್ಲಿ ಮಾತ್ರ ರಾಜಿ ಇದೆ. ಅಸಲಿಯದು 1.91 ಮೀಟರ್, ಅಂದರೆ ಇಲ್ಲಿ 12 ಸೆಂಟಿಮೀಟರ್ ಚಿಲ್ಲರೆ ಇರಬೇಕು. ಯಂತ್ರದ ಜೊತೆ ಬಂದದ್ದು ಹದಿನೈದರಷ್ಟಿದೆ. ಚಿಕ್ಕದು ಹಾಕಿದರೆ ಚೆಂದ, ಆದರೆ ಸುತ್ತು ಇಳಿಸಿದ ಮೇಲೆ ಬಾಲಕ್ಕೆ ಹಿಡಿತ ಸಾಲದು. ಜೋರು ಗಾಳಿಗೆ ಮೂತಿ ತಿರುಗಿಸಿಕೊಂಡು ಹೋಗುತ್ತದೆ. ಗೆಳೆಯರು ದೊಡ್ಡದನ್ನೇ ಉಳಿಸಿಕೊಂಡಿದ್ದಾರೆ. ನನಗೂ ಅದೇ ಸರಿ ಎನ್ನಿಸಿತು.

ಚೀತಾದ ತೊಂದರೆ ಇರುವುದು ಅದರ ಪಾರದರ್ಶಕತೆಯಲ್ಲಿ. ಮಿಕ್ಕ ಬಾಡಿಗಳು ಯಂತ್ರವನ್ನು ಮುಚ್ಚಲೆಂದೇ ಇವೆ; ಇದು ಎಲ್ಲವನ್ನೂ ತೋರಿಸುತ್ತದೆ. ಮುಂದೆ ಗಾಜು, ಹಿಂದೆ ಜಾಲರಿ, ಬೆನ್ನ ಮೇಲೆ ಎಂಜಿನ್ನು ಕೂಡ ಬರಿಮೈ. ಅಡಗಿಸಲು ಸಿಗುವುದು ಕಂಬದ ಕೆಳಗೆ ಇಂಧನದ ಟ್ಯಾಂಕ್ ಇರುವ ಪೆಟ್ಟಿಗೆಯಷ್ಟು ಜಾಗ. ಹಲ್ಲುಚಕ್ರ, ಸರ್ವೊ ಅಲ್ಲಿ ಸೇರಿಕೊಂಡವು. ಬ್ಯಾಟರಿ? ಅದು ಮುಂದೆಯೇ ಇರಬೇಕು, ಏಕೆಂದರೆ ತೂಕದ ನಡು ಕಂಬದ ಕೆಳಗೇ ಬೀಳಬೇಕು. ತಕ್ಕಡಿಯ ನ್ಯಾಯ: ಕಂಬದಿಂದ 40 ಸೆಂಟಿಮೀಟರ್ ಹಿಂದೆ, ಬಾಲದ ತುದಿಯಲ್ಲಿ, 10 ಗ್ರಾಂ ಕೂಡಿಸಿದರೆ 10 ಸೆಂಟಿಮೀಟರ್ ಮುಂದೆ 40 ಗ್ರಾಂ ಇಡಬೇಕು. ಬಾಲಕ್ಕೆ ಬಳಿದ ಒಂದು ಕೋಟು ಬಣ್ಣಕ್ಕೂ ಮೂತಿ ತೆರಿಗೆ ಕಟ್ಟುತ್ತದೆ. ಅದಕ್ಕೇ ಬೆನ್ನ ಮೇಲಿನ ಎಂಜಿನ್ನನ್ನು ಥರ್ಮೊಕೋಲಿನಲ್ಲಿ ಕೊರೆದು, ಮೇಲೆ ಕಾಗದ ಅಂಟಿಸಿ ಮಾಡಿದ್ದಾರೆ. ಬ್ಯಾಟರಿ ಸೀಟಿನ ಕೆಳಗೆ ಕಪ್ಪು ನೆಲಹಾಸಿನಂತೆ ಮಲಗಿದೆ. ಮೇಲೆ ಕೂತ ಇಬ್ಬರು ಪೈಲಟ್‌ಗಳಿಗೆ ಸೊಂಟದಿಂದ ಕೆಳಗೆ ದೇಹವಿಲ್ಲ.

ಬಾಲದ ಜಾಲರಿಯನ್ನು ನೋಡುತ್ತ ಬಹಳ ಹೊತ್ತು ಕಳೆದೆ. ಹಿತ್ತಾಳೆಯ ಸರಳುಗಳನ್ನು ಬೆಸೆದರೆ ಭಾರ. ಇವರು ತೆಳು ಕಾರ್ಬನ್ ಕಡ್ಡಿಗಳನ್ನು ತೆಗೆದುಕೊಂಡು, ಒಂದೊಂದು ಸಂದಿಗೂ ಹುರಿ ಮಾಡಿದ ರೇಷ್ಮೆ ಎಳೆ ಸುತ್ತಿ, ಮೇಲೊಂದು ಹನಿ ಫೆವಿಕ್ವಿಕ್ ಬಿಟ್ಟಿದ್ದಾರೆ. ಎಳೆ ಕೆಳಗಿನ ಶೆಡ್ಡಿನದೇ. ರೇಷ್ಮೆಗೆ ಇದು ಹೊಸ ಕಸುಬೇನೂ ಅಲ್ಲ. ಹಿಂದಿನ ಕಾಲದ ಮಾದರಿ ವಿಮಾನಗಳ ರೆಕ್ಕೆಗೆ ರೇಷ್ಮೆ ಬಟ್ಟೆ ಹೊದಿಸಿ ಡೋಪ್ ಎಂಬ ಮೆರುಗೆಣ್ಣೆ ಬಳಿಯುತ್ತಿದ್ದರು. ಕಾರ್ಬನ್ನಿನ ಒಂದು ಕೆಟ್ಟ ಗುಣವೆಂದರೆ ಅದು 2.4 ಗಿಗಾಹರ್ಟ್ಸ್ ರೇಡಿಯೊ ಅಲೆಗೆ ಅಡ್ಡ ನಿಲ್ಲುತ್ತದೆ, ಫೈಬರ್ ಗ್ಲಾಸ್ ನಿಲ್ಲುವುದಿಲ್ಲ. ಹಾಗಾಗಿ ರಿಸೀವರಿನ ಆಂಟೆನಾ ಬಾಲದತ್ತ ಸುಳಿಯುವಂತಿಲ್ಲ. ಅದರ ಎರಡು ತಂತಿಗಳು ಗಾಜಿನ ಮುಖದ ಅಂಚಿನಲ್ಲಿ, ಒಂದು ಅಡ್ಡ, ಒಂದು ಉದ್ದ, ಅಂಟಿಕೊಂಡಿವೆ.

ಬಣ್ಣದ ವಿಷಯ ಬಂದಾಗ ಒಂದು ಪುಟ್ಟ ವಾದವೇ ನಡೆಯಿತು. ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ವಾಯುಪಡೆಯ ಸಾರಂಗ್ ತಂಡದ ಕೆಂಪು ಧ್ರುವ ಹೆಲಿಕಾಪ್ಟರುಗಳ ಮೇಲಿನ ನವಿಲು ಕಂಡ ಎಲ್ಲರಿಗೂ ಅದನ್ನೇ ಬಿಡಿಸುವ ಆಸೆ. ಗೆಳೆಯರು ಬೇಡವೆಂದರು. ನವಿಲಿಗೆ ಕೋಟಿನ ಮೇಲೆ ಕೋಟು ಬೇಕು, ಸೇನೆಯ ಹಸಿರಿಗೆ ಒಂದೇ ತೆಳು ಕೋಟು ಸಾಕು. ಅದೂ ಮಾಸಲಾಗಿದ್ದಷ್ಟೂ ನಿಜವೆನಿಸುತ್ತದೆ.

ಪೆಟ್ಟಿಗೆಯ ಜೊತೆ ಬರುವ ಕೈಪಿಡಿಯನ್ನು ಇಲ್ಲಿ ಹಾಗೇ ಪಾಲಿಸುವಂತಿಲ್ಲ ಎಂಬುದನ್ನೂ ಅಲ್ಲೇ ಕಲಿತೆ. ಪಕ್ಕದ ವಿಮಾನ ನಿಲ್ದಾಣವೇ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ನೂರಕ್ಕೆ ಎಂಟರಷ್ಟು ಕಡಿಮೆ, ಏಪ್ರಿಲ್ ಮಧ್ಯಾಹ್ನದ ಕಾವಿಗೆ ಇನ್ನೂ ಕಡಿಮೆ. ಬರಿಮೈ ಯಂತ್ರಕ್ಕೆ ಇದು ಲೆಕ್ಕವೇ ಅಲ್ಲ. ಬಾಡಿ ತೊಟ್ಟು, ಸುತ್ತು ಇಳಿಸಿಕೊಂಡು, ಒಂದು ಕಿಲೋ ತೂಗುವುದಕ್ಕೆ ಮಾತ್ರ ಲೆಕ್ಕ. ಅಸಲಿ ಲಾಮಾದ ಗುಟ್ಟೂ ಇಷ್ಟೇ: 870 ಅಶ್ವಶಕ್ತಿ ಕೊಡಬಲ್ಲ ಆರ್ಟೂಸ್ಟ್ ಎಂಜಿನ್ನನ್ನು 550ಕ್ಕೆ ಕಟ್ಟಿಹಾಕಿ, ಉಳಿದದ್ದನ್ನು ತೆಳುಗಾಳಿಗೆಂದು ಮೀಸಲಿಟ್ಟಿದ್ದರು. ಗೆಳೆಯರೂ ಬೇಕಾದದ್ದಕ್ಕಿಂತ ಒಂದು ಮಟ್ಟ ದೊಡ್ಡ ಮೋಟರ್ ಹಾಕಿ ಅರೆಮನಸ್ಸಿನಲ್ಲಿ ಓಡಿಸುತ್ತಾರೆ.

ಮರುದಿನ ಬೆಳಗಿನ ಜಾವ ಶಿಡ್ಲಘಟ್ಟದ ರಸ್ತೆಯ ಕಡೆ ಹೊರಟೆವು. ಎಲ್ಲಿ ಬೇಕಾದರೂ ಹಾರಿಸುವ ಕಾಲ ಮುಗಿದಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಬೇಲಿಯಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿಯವರೆಗೆ ಮಾತ್ರ ಮುಕ್ತ. ಅದಕ್ಕಿಂತ ಹತ್ತಿರ ಅನುಮತಿ ಬೇಕು. ಆ 12 ಕಿಲೋಮೀಟರ್ ಗೆರೆ ವಿಜಯಪುರದ ಆಸುಪಾಸಿನಲ್ಲೇ ಹಾದುಹೋಗುತ್ತದೆ. ದೇವನಹಳ್ಳಿಯವರಿಗೆ ಇಲ್ಲದ ಭಾಗ್ಯ ಇಲ್ಲಿನವರಿಗೆ. ಆದರೂ ಗೆಳೆಯರು ಹೊರಡುವ ಮುನ್ನ ಸರಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ನೋಡುತ್ತಾರೆ, ಊರಿನಿಂದ ಪೂರ್ವಕ್ಕೇ ಸರಿಯುತ್ತಾರೆ, ತೆಂಗಿನ ಮರದ ತಲೆಗಿಂತ ಮೇಲೆ ಹೋಗುವುದಿಲ್ಲ.

ರಾಗಿ ಕೊಯ್ದ ಬಯಲು. ಪಕ್ಕದಲ್ಲೇ ಹಿಪ್ಪುನೇರಳೆ ತೋಟ. ಪೆಟ್ಟಿಗೆ ಕೆಳಗಿಟ್ಟೊಡನೆ ಸೊಪ್ಪು ಕೊಯ್ಯುತ್ತಿದ್ದ ಯಜಮಾನರು ಕುಡುಗೋಲು ಹಿಡಿದೇ ಬಂದರು.

"ಏನ್ ಸಾರ್, ಔಷಧಿ ಹೊಡೆಯೋ ಡ್ರೋನಾ? ನಮ್ ಹುಳ ಮೂರನೇ ಜ್ವರದಲ್ಲಿದೆ, ಆಮೇಲೆ ಎಲ್ಲಾ ಹೋಗ್ಬುಡ್ತವೆ."

"ಇಲ್ಲ ಗೌಡ್ರೇ, ಇದರಲ್ಲಿ ಔಷಧಿ ಡಬ್ಬಾನೇ ಇಲ್ಲ, ಬರೀ ಹಾರೋದು. ಬನ್ನಿ ನೋಡಿ."

ಗೌಡರು ಗುಳ್ಳೆಯೊಳಗೆ ಇಣುಕಿ, ಕಾಲಿಲ್ಲದ ಪೈಲಟ್‌ಗಳನ್ನು ನೋಡಿ, ಬದುವಿನ ಮೇಲೆ ಕೂತರು. ಜ್ವರವೆಂದರೆ ರೇಷ್ಮೆಹುಳ ಪೊರೆ ಕಳಚುವ ಹಂತ. ಅವರ ಭಯ ನ್ಯಾಯವಾದದ್ದೇ. ಪಕ್ಕದ ಹೊಲದಿಂದ ತೂರಿಬಂದ ಒಂದಿಷ್ಟು ಕೀಟನಾಶಕ ಸೊಪ್ಪಿನ ಮೇಲೆ ಕೂತರೂ ಒಂದು ಬೆಳೆಯ ಹುಳವೆಲ್ಲ ನೆಲಕಚ್ಚುತ್ತದೆ.

ಗೆಳೆಯರು ಒಂದೊಂದೇ ಸ್ಕ್ರೂ ಮುಟ್ಟಿ ನೋಡಿದರು. ಬ್ಲೇಡುಗಳು ಬೋಲ್ಟಿನಲ್ಲಿ ತೀರಾ ಸಡಿಲವಾದರೂ ಕಷ್ಟ, ತೀರಾ ಬಿಗಿಯಾದರೂ ಕಷ್ಟ. ಯಂತ್ರವನ್ನು ಅಡ್ಡ ಮಲಗಿಸಿದರೆ ತನ್ನ ಭಾರಕ್ಕೆ ತಾನೇ ಬಾಗಬಾರದು, ಕುಲುಕಿದರೆ ಬಾಗಬೇಕು. ಮೂರು ಬ್ಲೇಡಿನ ರೋಟರಿನಲ್ಲಿ ಇದು ತಪ್ಪಿದರೆ ನೆಲದ ಮೇಲಿರುವಾಗಲೇ ಸ್ಕಿಡ್ಡು ಕುಣಿಯತೊಡಗಿ, ಕ್ಷಣದಲ್ಲಿ ಕುಣಿತ ಹೆಚ್ಚಿ, ಬಾಡಿ ಚೂರಾಗುತ್ತದೆ. ನಿಜವಾದ ಹೆಲಿಕಾಪ್ಟರುಗಳನ್ನೂ ಕಾಡುವ ಕಾಯಿಲೆ ಇದು.

ರೋಟರು ನಿಧಾನಕ್ಕೆ ಎದ್ದಿತು. ಚೀಚೀ ಸದ್ದಿಲ್ಲ, ಒಂದು ದಪ್ಪ ಗುಂಯ್. ನೆಲ ಬಿಟ್ಟು ಸೊಂಟದೆತ್ತರದಲ್ಲಿ ತುಸು ಹೊತ್ತು ನಿಂತು, ಮೂತಿ ತಗ್ಗಿಸಿ, ಬದುವಿನುದ್ದಕ್ಕೂ ಹೋಯಿತು. ತಿರುಗುವಾಗ ಅಗಲವಾದ ಸುತ್ತು. ಬೆಳಗಿನ ಬೆಳಕು ಬಾಲದ ಜಾಲರಿಯ ಮೂಲಕ ಹಾಯುವುದು ಕಂಡಿತು. ದೂರಕ್ಕೆ ಹೋದಾಗ ಅಳತೆಯೇ ಮರೆತುಹೋಗುತ್ತದೆ. ಹಸಿರು ಚೀತಾ ಎಲ್ಲೋ ಒಂದು ಕಿಲೋಮೀಟರ್ ಆಚೆ ಹಾರುತ್ತಿದೆ ಎನ್ನಿಸುತ್ತದೆ. ಇಳಿಯುವುದನ್ನು ಅವರು ನೇರ ಕೆಳಕ್ಕೆ ಮಾಡುವುದಿಲ್ಲ. ತನ್ನದೇ ರೋಟರು ಕೆಳಕ್ಕೆ ತಳ್ಳಿದ ಗಾಳಿಯಲ್ಲೇ ಸಿಕ್ಕಿಕೊಂಡು ಕುಸಿದೀತೆಂದು, ಸ್ವಲ್ಪ ಮುಂದಕ್ಕೆ ಚಲಿಸುತ್ತಲೇ ಓರೆಯಾಗಿ ಇಳಿಸುತ್ತಾರೆ. ಐದು ನಿಮಿಷಕ್ಕೆ ಟೈಮರ್ ಕೂಗಿತು. ಬ್ಯಾಟರಿಯಲ್ಲಿ ಐದನೆಯ ಒಂದು ಪಾಲು ಉಳಿದಿರುವಾಗಲೇ ಇಳಿಸುವುದು ಅವರ ರೂಢಿ.

"ಎಷ್ಟ್ ಆಗ್ತದೆ ಸಾರ್ ಇದಕ್ಕೆ?" ಎಂದರು ಗೌಡರು. ಗೆಳೆಯರು ಹೇಳಿದ ಮೊತ್ತ ನನಗೆ ಕೇಳಿಸಲಿಲ್ಲ, ಗೌಡರು ಮಾತ್ರ "ಒಂದ್ ಸೀಮೆ ಹಸ ಬರ್ತಿತ್ತಲ್ಲ" ಎಂದು ಎದ್ದು ಸೊಪ್ಪಿನ ಕಡೆ ನಡೆದರು.

ಮೋಟರಿಗೆ ಬೆರಳಿಟ್ಟರೆ ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಹೊದಿಕೆಯೇ ಇಲ್ಲದ ಬಾಡಿಯ ಲಾಭ ಇದು. ಮುಂದಿನದು ಧ್ರುವ ಎಂದರು ಗೆಳೆಯರು. ರೋಟರು 13.2 ಮೀಟರ್, ಅಂದರೆ ಇದೇ ಯಂತ್ರಕ್ಕೆ ಹದಿನೆಂಟೂವರೆಯ ಒಂದು ಪಾಲು. ಬಾಡಿ ಎಲ್ಲೂ ಸಿಗದೆ ಥರ್ಮೊಕೋಲ್ ಅಚ್ಚಿನ ಮೇಲೆ ತಾವೇ ಫೈಬರ್ ಎಳೆಯಬೇಕು. ನಾಲ್ಕು ಬ್ಲೇಡಿನ ತಲೆ ಬಂದಾಗಿದೆ, ಆದರೆ ಅದರ ಕೋನ ಹೊಂದಿಸುವವರೆಗೂ ಮುಂದಕ್ಕೆ ಒತ್ತಿದರೆ ಪಕ್ಕಕ್ಕೆ ವಾಲುತ್ತದಂತೆ. ಆ ಕೆಲಸ ಮಳೆಗಾಲಕ್ಕೆ. ಆಷಾಢದ ಗಾಳಿಯಲ್ಲಿ ಬಯಲಿಗೆ ಬಂದು ಪ್ರಯೋಜನವಿಲ್ಲ.