ಕತೆಯ ಪಂಜರ ಮುರಿದ ಫ್ರೆಡ್ಡಿ

ಸಿನಿಮಾದ ಖಳನಿಗೆ ಸಾವಿಲ್ಲ. ಗಲ್ಲಾಪೆಟ್ಟಿಗೆ ತುಂಬುವಷ್ಟು ಕಾಲ ಆತ ಯಾವುದಾದರೊಂದು ನೆಪದಲ್ಲಿ ಎದ್ದು ಬರುತ್ತಲೇ ಇರುತ್ತಾನೆ. ಆದರೆ ಹಾಗೆ ಎದ್ದು ಬಂದವನನ್ನು ಕಂಡು ಜನ ಹೆದರುವ ಬದಲು ನಗತೊಡಗಿದರೆ? ಹಾಲಿವುಡ್ ನಿರ್ದೇಶಕ ವೆಸ್ ಕ್ರೇವನ್ 1994ರಲ್ಲಿ ಈ ಪ್ರಶ್ನೆಯನ್ನೇ ಹಿಡಿದು ‘ನ್ಯೂ ನೈಟ್‌ಮೇರ್’ ಚಿತ್ರ ಮಾಡಿದರು.

ಇದರ ಮೂಲ ಇರುವುದು 1984ರ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ನಲ್ಲಿ. ಆಗ್ನೇಯ ಏಷ್ಯಾದಿಂದ ಅಮೆರಿಕಕ್ಕೆ ಬಂದ ನಿರಾಶ್ರಿತರಲ್ಲಿ ಕೆಲವು ಯುವಕರು ನಿದ್ದೆಯಲ್ಲೇ ಸಾವನ್ನಪ್ಪಿದ ಸುದ್ದಿಯನ್ನು ಕ್ರೇವನ್ ಪತ್ರಿಕೆಯಲ್ಲಿ ಓದಿದ್ದರು. ಅದರಿಂದ ಹುಟ್ಟಿದವನು ಫ್ರೆಡ್ಡಿ ಕ್ರೂಗರ್. ಮಕ್ಕಳನ್ನು ಕೊಂದ ಈ ಪಾತಕಿಯನ್ನು ಊರಿನ ತಂದೆ ತಾಯಂದಿರು ಸುಟ್ಟುಹಾಕುತ್ತಾರೆ. ಆತ ಅವರ ಮಕ್ಕಳ ಕನಸಿಗೆ ಬಂದು ಸೇಡು ತೀರಿಸಿಕೊಳ್ಳುತ್ತಾನೆ. ಸುಟ್ಟ ಮುಖ, ಪಟ್ಟೆಪಟ್ಟೆಯ ಸ್ವೆಟರ್, ಚೂರಿಗಳನ್ನು ಕಟ್ಟಿದ ಕೈಗವಸು. ಉಳಿದ ಖಳರಿಂದ ಓಡಿ ತಪ್ಪಿಸಿಕೊಳ್ಳಬಹುದು. ನಿದ್ದೆಯಿಂದ ಎಷ್ಟು ದಿನ ತಪ್ಪಿಸಿಕೊಳ್ಳಲು ಸಾಧ್ಯ?

ಚಿತ್ರ ಗೆದ್ದಿತು. ಆಗ ಚಿಕ್ಕ ಸಂಸ್ಥೆಯಾಗಿದ್ದ ನ್ಯೂ ಲೈನ್ ಸಿನಿಮಾಕ್ಕೆ ‘ಫ್ರೆಡ್ಡಿ ಕಟ್ಟಿದ ಮನೆ’ ಎಂಬ ಅಡ್ಡಹೆಸರೇ ಬಂತು. 1991ರ ಹೊತ್ತಿಗೆ ಐದು ಮುಂದುವರಿದ ಭಾಗಗಳು ಬಂದವು. ಜತೆಗೆ ಟಿ.ವಿ. ಸರಣಿ, ಆಟಿಕೆಗಳು. ಕೊಲ್ಲುವ ಮುನ್ನ ನಗೆಚಟಾಕಿ ಹಾರಿಸುವ ಫ್ರೆಡ್ಡಿ ಮಕ್ಕಳಿಗೂ ನೆಚ್ಚಿನವನಾದ. ಆರನೆಯ ಚಿತ್ರದಲ್ಲಿ ಆತನನ್ನು ಕೊಂದು, ಇದೇ ಕೊನೆ ಎಂದು ಸಾರಲಾಯಿತು.

ಮೂರು ವರ್ಷಗಳ ನಂತರ ಕ್ರೇವನ್ ಆತನನ್ನು ಎಬ್ಬಿಸಿದ ರೀತಿಯೇ ಬೇರೆ. ಮೊದಲ ಚಿತ್ರದ ನಾಯಕಿ ಹೀದರ್ ಲ್ಯಾಂಗನ್‌ಕ್ಯಾಂಪ್ ಇಲ್ಲಿ ನಟಿ ಹೀದರ್ ಆಗಿಯೇ ಬರುತ್ತಾರೆ. ಫ್ರೆಡ್ಡಿಯ ಪಾತ್ರಧಾರಿ ರಾಬರ್ಟ್ ಇಂಗ್ಲಂಡ್, ನಿರ್ಮಾಪಕ ರಾಬರ್ಟ್ ಶೇ, ಸ್ವತಃ ಕ್ರೇವನ್, ಎಲ್ಲರೂ ತಮ್ಮ ಹೆಸರಿನಲ್ಲೇ ಇದ್ದಾರೆ. ಕ್ರೇವನ್ ಹೀದರ್‌ಗೆ ಹೇಳುವುದಿಷ್ಟು: ಫ್ರೆಡ್ಡಿಯ ರೂಪದಲ್ಲಿದ್ದುದು ಒಂದು ಪುರಾತನ ಕೇಡು. ಒಳ್ಳೆಯ ಕತೆಯೊಂದು ಅದನ್ನು ಸೆರೆಹಿಡಿದು ಇಡಬಲ್ಲದು. ಕತೆ ಸವಕಲಾದರೆ ಅಥವಾ ನಿಂತುಹೋದರೆ ಪಂಜರದ ಬಾಗಿಲು ತೆರೆದಂತೆ. ಈಗ ಅದು ನಿಜ ಜೀವನಕ್ಕೇ ಕಾಲಿಟ್ಟಿದೆ. ಈ ಹೊಸ ಫ್ರೆಡ್ಡಿಯಲ್ಲಿ ತಮಾಷೆ ಕಡಿಮೆ. ಕೈಯಲ್ಲಿ ನಾಲ್ಕರ ಬದಲು ಐದು ಅಲಗುಗಳು.

ಚಿತ್ರಕತೆಯಲ್ಲಿ ಭೂಕಂಪದ ದೃಶ್ಯಗಳಿದ್ದವು. ಚಿತ್ರೀಕರಣದ ಅವಧಿಯಲ್ಲೇ, 1994ರ ಜನವರಿ 17ರಂದು, ಲಾಸ್ ಏಂಜಲೀಸ್‌ನ ನಾರ್ತ್‌ರಿಜ್‌ನಲ್ಲಿ ನಿಜವಾದ ಭೂಕಂಪವಾಯಿತು. ಕುಸಿದ ನಗರದ ದೃಶ್ಯಗಳು ಚಿತ್ರದಲ್ಲಿ ಸೇರಿಕೊಂಡವು. ನಿಜ ಯಾವುದು, ಕಲ್ಪನೆ ಯಾವುದು ಎಂಬ ಗೆರೆ ತಾನಾಗಿಯೇ ಮಸುಕಾಯಿತು.

ಆದರೆ ಚಿತ್ರದ ಜೀವಾಳ ಇರುವುದು ತಾಯಿ ಮಗನಲ್ಲಿ. ಹೀದರ್‌ಳ ಪುಟ್ಟ ಮಗ ಕಾಯಿಲೆ ಬೀಳುತ್ತಾನೆ. ತಾಯಿ ನಟಿಸಿದ ಚಿತ್ರಗಳನ್ನು ಹುಡುಗನಿಗೆ ತೋರಿಸಿದ್ದೀರಾ ಎಂಬ ಅನುಮಾನ ಆಸ್ಪತ್ರೆಯ ವೈದ್ಯೆಗೆ. ಭಯಾನಕ ಚಿತ್ರಗಳು ಮಕ್ಕಳನ್ನು ಕೆಡಿಸುತ್ತವೆ ಎಂಬುದು ಅಂದು ಅಮೆರಿಕದಲ್ಲಿ ಜೋರಾಗಿ ಕೇಳಿಬರುತ್ತಿದ್ದ ದೂರು. ಕ್ರೇವನ್ ಅದಕ್ಕೆ ಕೊಡುವ ಉತ್ತರ ಗ್ರಿಮ್ ಸೋದರರ ‘ಹಾನ್ಸೆಲ್ ಮತ್ತು ಗ್ರೆಟೆಲ್’. ಮಕ್ಕಳನ್ನು ತಿನ್ನುವ ಮಾಟಗಾತಿ, ಅವಳನ್ನೇ ಒಲೆಗೆ ನೂಕುವ ಮಕ್ಕಳು. ತಲೆಮಾರುಗಳಿಂದ ಮಲಗುವ ಮುನ್ನ ಹೇಳುತ್ತ ಬಂದ ಕತೆಯೂ ಭೀಕರವೇ ಅಲ್ಲವೆ? ಕೊನೆಯಲ್ಲಿ ಫ್ರೆಡ್ಡಿ ಸಾಯುವುದೂ ಆ ಮಾಟಗಾತಿಯಂತೆ, ಬೆಂಕಿಯ ಕುಲುಮೆಯಲ್ಲಿ. ಆಮೇಲೆ ತಾಯಿ ಇಡೀ ಚಿತ್ರಕತೆಯನ್ನು ಮಗನಿಗೆ ಕತೆಯಂತೆ ಓದತೊಡಗುತ್ತಾಳೆ.

ಜನ ಇದಕ್ಕೆ ಸಿದ್ಧರಿರಲಿಲ್ಲ. ಅಮೆರಿಕದಲ್ಲಿ ಚಿತ್ರ ಗಳಿಸಿದ್ದು ಸುಮಾರು 1.8 ಕೋಟಿ ಡಾಲರ್. ಸರಣಿಯಲ್ಲಿ ಅದುವರೆಗಿನ ಅತಿ ಕಡಿಮೆ ಗಳಿಕೆ. ಎರಡೇ ವರ್ಷಗಳಲ್ಲಿ, 1996ರಲ್ಲಿ, ಕ್ರೇವನ್‌ರ ‘ಸ್ಕ್ರೀಮ್’ ಅಲ್ಲಿ 10 ಕೋಟಿ ಡಾಲರ್ ದಾಟಿತು. ಭಯಾನಕ ಚಿತ್ರಗಳ ನಿಯಮಗಳನ್ನು ಬಾಯಿಪಾಠ ಮಾಡಿದ ಪಾತ್ರಗಳು ಅದರಲ್ಲಿದ್ದವು. ತನ್ನನ್ನೇ ನೋಡಿಕೊಳ್ಳುವ ಭಯಾನಕ ಚಿತ್ರಗಳ ಕಾಲ ಶುರುವಾಗಿತ್ತು.

ಕ್ರೇವನ್ 2015ರಲ್ಲಿ ತೀರಿಕೊಂಡರು. ಮಗುವಿಗೆ ದೆವ್ವದ ಕತೆ ಹೇಳಬೇಕೆ, ಬೇಡವೆ ಎಂಬ ಅವರ ಪ್ರಶ್ನೆ ಮಾತ್ರ ಉಳಿದಿದೆ. ಮಗು ಹೇಗೂ ಹೆದರುತ್ತದೆ. ಕತೆಯಲ್ಲಾದರೆ ಆ ಹೆದರಿಕೆಗೆ ಒಂದು ಹೆಸರಿರುತ್ತದೆ, ಒಂದು ಕೊನೆಯೂ ಇರುತ್ತದೆ.